ರ‍್ಯಾಕೆಟ್, ಮೂರು ವರ್ಷದ ಬಳಕೆ: ಲಿಸ್ಟ್ ಬಂಗಾರ, ಬೀದರಿನ ಕೊನೆಯ ‘ರ್’ ಕಾಟ

ಬೀದರ್ ಜಿಲ್ಲೆಯ ತಾಲ್ಲೂಕುವಾರು ತೊಗರಿ, ಸೋಯಾ ತೂಕದ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುವ ಭಾಷೆಯಾದ ರ‍್ಯಾಕೆಟ್ ಮೂರು ವರ್ಷದಿಂದ ದಿನವೂ ಬಳಕೆಯಲ್ಲಿದೆ. ಪುಕ್ಕಟೆ. ಕೈಪಿಡಿಯೂ ಜೊತೆಗೇ ಇಳಿಯುವುದರಿಂದ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. (ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷೇ ಬೇಕು.)

ಕೋಡಿನ ತುಂಬ ಇರುವ ಕಂಸಗಳನ್ನು ನೋಡಿ ಹೆದರಬೇಡ್ರಿ. ರನ್ ಒತ್ತುವ ಮೊದಲು ಕಂಟ್ರೋಲ್-ಐ ಒತ್ತುವ ರೂಢಿ ಇಟ್ಟುಕೊಳ್ಳಿ. ಇಡೀ ಫೈಲಿನ ಸಾಲುಗಳು ಜಾಗಕ್ಕೆ ಕೂರುತ್ತವೆ. ಯಾವುದಾದರೂ ಸಾಲು ಬಲಕ್ಕೆ ಜಾರಿದ್ದರೆ ಅದರ ಮೇಲೆ ಎಲ್ಲೋ ಕಂಸ ಮುಚ್ಚಿಲ್ಲ. ಕಂಸ ಹೆಚ್ಚಾದರೂ ತಪ್ಪೇ: (+ 49 50) ಕೊಟ್ಟರೆ 99. ((+ 49 50)) ಕೊಟ್ಟರೆ ಆ 99 ಅನ್ನೇ ಫಂಕ್ಷನ್ ಎಂದುಕೊಂಡು ಓಡಿಸಲು ಹೋಗಿ ಎರರ್. ಹಾಗೆಯೇ '(49 (+ 25 25)) ಬರೆದರೆ ಎರಡನೆಯದು 50 ಆಗುವುದಿಲ್ಲ, ಮುಂದೆ ಕೋಟ್ (') ಹಾಕಿದ್ದರಿಂದ ಮೂರು ಅಂಶದ ಲಿಸ್ಟಾಗಿಯೇ ಉಳಿಯುತ್ತದೆ. ಲೆಕ್ಕ ಆಗಬೇಕಿದ್ದರೆ (ಲಿಸ್ಟ್ 49 (+ 25 25)).

ಚೀಲದ ತೂಕ ಬಂದಂತೆ ಕಾನ್ಸ್ ಹಾಕಿ ಲಿಸ್ಟಿನ ಮುಂದೆ ಸೇರಿಸುತ್ತ ಹೋಗಿ, ಕೊನೆಗೆ ಒಮ್ಮೆ ರಿವರ್ಸ್ ಮಾಡಿ. ಅಪೆಂಡ್ ಹಾಕಿ ಹಿಂದೆ ಸೇರಿಸಿದರೆ ಪ್ರತಿ ಸಲವೂ ಹಳೆಯ ಲಿಸ್ಟ್ ಪೂರ್ತಿ ನಕಲಾಗುತ್ತದೆ: 1,000 ಚೀಲಕ್ಕೆ 4,99,500 ನಕಲು. ಕಾನ್ಸಿಗೆ ಕೊಡುವ ಕ್ರಮವೂ ಬರೋಬರಿ ಇರಬೇಕು. (ಕಾನ್ಸ್ '(49 50) 51) ಎಂದು ತಿರುಗಿಸಿ ಕೊಟ್ಟರೆ ಚುಕ್ಕೆ ಇರುವ ಜೋಡಿ ಸಿಗುತ್ತದೆ, ಲಿಸ್ಟಿನ ಅಂಶ ಎಣಿಸುವ ಲೆಂಗ್ತ್ ಅದನ್ನು ಒಪ್ಪುವುದಿಲ್ಲ.

ಸಂತೋಷ ಕೊಟ್ಟದ್ದು ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾದದ್ದು. '((ಬೀದರ್ . 12) (ಭಾಲ್ಕಿ . 7)) ಹಾಗೇ ಓಡುತ್ತದೆ. ಅಂಕಿ ಮಾತ್ರ 12 ಎಂದೇ ಇರಬೇಕು. ೧೨ ಅದಕ್ಕೆ ಸಂಖ್ಯೆಯಲ್ಲ, ಬರೀ ಹೆಸರು.

ಬೇಸರ ಶುರುವಾಗುವುದೂ ಇಲ್ಲೇ. ಹೆಸರಿನಿಂದ ಜೋಡಿ ಹುಡುಕುವ ಅಸಾಕ್ ಹಾಕಿ ‘ಬೀದರ್’ ಹುಡುಕಿದರೆ ಕೆಲವೊಮ್ಮೆ ಕಣ್ಣೆದುರಿಗೇ ಇರುವ ಹೆಸರು ಸಿಗುವುದಿಲ್ಲ. ಅಸಾಕ್ ‘ಸುಳ್ಳು’ ಎಂದು ಕೊಡುತ್ತದೆ, ಅದರ ಮೇಲೆ ಜೋಡಿಯ ಎರಡನೆಯ ಭಾಗ ಕೊಡುವ ಕುಡರ್ ಹಾಕಿದ್ದರಿಂದ ಎರರ್ ಕುಡರಿನ ಹೆಸರಲ್ಲಿ ಬರುತ್ತದೆ. ತಪ್ಪು ಇರುವುದು ಬೇರೆ ಕಡೆ. ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡುಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ, ಯೂನಿಕೋಡಿನಲ್ಲಿ ಅದರ ಸಂಖ್ಯೆ 8204. ಯೂನಿಕೋಡ್ ಚಿಹ್ನೆಗಳನ್ನು ಎಣಿಸುವ ಸ್ಟ್ರಿಂಗ್-ಲೆಂಗ್ತ್ ಕೇಳಿ ನೋಡಿ: ಸರಿಯಾದ ‘ಬೀದರ್’ 5, ಬಾಲ ಇರುವುದು 6. ಔರಾದ್, ಹುಮನಾಬಾದ್‌ಗೂ ಇದೇ ಗತಿ. ಭಾಲ್ಕಿ, ಬಸವಕಲ್ಯಾಣ ಸ್ವರದಲ್ಲಿ ಮುಗಿಯುವುದರಿಂದ ಪಾರು. ಸ್ಟ್ರಿಂಗ್-ಟ್ರಿಮ್ ಇದನ್ನು ತೆಗೆಯುವುದಿಲ್ಲ, ಯಾಕೆಂದರೆ ಅದು ಖಾಲಿ ಜಾಗವಲ್ಲ. ಕನ್ನಡ ಹೆಸರಿಗೆ ಇಷ್ಟು ಚೆನ್ನಾಗಿ ಬಾಗಿಲು ತೆರೆದ ಭಾಷೆ, ಎರರಿನಲ್ಲಿ ಕಾಣದ ಅಕ್ಷರವನ್ನೂ ತೋರಿಸಬೇಕಿತ್ತು.

ಉಪಾಯ ಒಂದೇ: ಫೈಲಿನಿಂದ ಓದಿದ ಕೂಡಲೇ ಸ್ಟ್ರಿಂಗ್-ರಿಪ್ಲೇಸ್ ಹಾಕಿ 8204 ತೆಗೆಯಿರಿ, ಆಮೇಲೆ ಸಿಂಬಲ್ (ಕೋಡಿನೊಳಗಿನ ಹೆಸರು) ಮಾಡಿ. ಹುಡುಕಲು ಮಾತ್ರ ಈ ರೂಪ ಬಳಸಿ, ಅಚ್ಚಿಗೆ ಮೂಲ ಹೆಸರೇ ಇರಲಿ. ಪದದ ನಡುವಿನ 8204 ಹೋದರೆ ಒತ್ತಕ್ಷರ ಕೂಡಿಕೊಂಡು ಹೆಸರು ಕೆಡುತ್ತದೆ. ಐದಕ್ಕೆ ನಾಲ್ಕು ಚುಕ್ಕಿ.