ಮೂರು ವರ್ಷ ಬಳಸಿದ ಉಕ್ಕಿನ ಬ್ಯಾಕ್‌ಪ್ಲೇಟ್: ನೀರಿನಲ್ಲಿ ಅಡ್ಡಲಾಗಿ ನಿಲ್ಲಲು ಪಟ್ಟ ಪಾಡು

ಸ್ಕೂಬಾ ಡೈವಿಂಗಿಗೆಂದು ಬಾಡಿಗೆಯ ಜಾಕೆಟ್ ಬಿಸಿಡಿ (ಸಿಲಿಂಡರ್ ಹೊರುವ, ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟ್) ತೊಟ್ಟು, ಮುಳುಗಲು ಬೇಕಾದ 6 ಕೆ.ಜಿ. ಸೀಸವನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಿದ್ದ ದಿನಗಳಲ್ಲಿ ನನ್ನ ಕಾಲುಗಳು ಸದಾ ಕೆಳಗೆ ಜೋತಾಡುತ್ತಿದ್ದವು. ಗಾಳಿ ತುಂಬಿದ ಶ್ವಾಸಕೋಶ ಎದೆಯನ್ನು ಮೇಲಕ್ಕೆತ್ತುತ್ತಿದ್ದರೆ ಸೊಂಟದ ಸೀಸ ಕೆಳಕ್ಕೆ ಎಳೆಯುತ್ತಿತ್ತು. ಪಾದಕ್ಕೆ ತೊಟ್ಟ ಫಿನ್ ಬಡಿದಾಗಲೆಲ್ಲ ಮುಂದೆ ಸಾಗುವುದಕ್ಕಿಂತ ಮೇಲೇರುವುದೇ ಹೆಚ್ಚಾಗುತ್ತಿತ್ತು. ಇದಕ್ಕೆ ಪರಿಹಾರವೆಂದು ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟಲು ಬೆನ್ನಿಗೆ ತೊಡುವ ಲೋಹದ ಹಲಗೆ) ಮತ್ತು ವಿಂಗ್ (ಅದರ ಹಿಂದೆ ಕೂರುವ ಗಾಳಿಚೀಲ) ಕೊಂಡು ಮೂರು ವರ್ಷವಾಯಿತು.

ಪ್ಲೇಟಿನ ತೂಕ ಸುಮಾರು 2.5 ಕೆ.ಜಿ. ಅದು ಬೆನ್ನಿನ ಮೇಲೆ, ಶ್ವಾಸಕೋಶಕ್ಕೆ ಹತ್ತಿರವೇ ಕೂರುತ್ತದೆ. ಜಾಕೆಟ್ಟಿನಲ್ಲಿರುವಂತೆ ತೇಲುವ ಮೆತ್ತೆಗಳೂ ಇಲ್ಲದಿರುವುದರಿಂದ, 3 ಮಿ.ಮೀ. ದಪ್ಪದ ವೆಟ್‌ಸೂಟ್ ಉಡುಪಿನೊಂದಿಗೆ ಈಗ ನನಗೆ 3 ಕೆ.ಜಿ. ಸೀಸ ಸಾಕು. ಆದರೆ ಕೊಂಡ ಮಾತ್ರಕ್ಕೆ ಟ್ರಿಮ್, ಅಂದರೆ ನೀರಿನಲ್ಲಿ ಮೈ ಅಡ್ಡಲಾಗಿ ನಿಲ್ಲುವ ಭಂಗಿ, ಸರಿಹೋಗಲಿಲ್ಲ. ಮೊದಲು ಸಿಲಿಂಡರನ್ನು ನಾಲ್ಕು ಬೆರಳಷ್ಟು ಮೇಲಕ್ಕೆ ಸರಿಸಿದೆ. ಕಾಲು ಕೊಂಚ ಎದ್ದಿತಾದರೂ, ಮುಂದೆ ನೋಡಲು ತಲೆಯೆತ್ತಿದಾಗಲೆಲ್ಲ ಸಿಲಿಂಡರಿನ ಬಾಯಿಗೆ ಕೂಡಿಸಿದ ರೆಗ್ಯುಲೇಟರ್ ಹಿಂದಲೆಗೆ ಬಡಿಯತೊಡಗಿತು. ಆಮೇಲೆ ಸಿಲಿಂಡರನ್ನು ಮೊದಲಿನ ಜಾಗಕ್ಕೇ ಇಳಿಸಿ, ಅದನ್ನು ಬಿಗಿಯುವ ಮೇಲಿನ ಪಟ್ಟಿಗೆ ಎರಡು ಸಣ್ಣ ಚೀಲ ಪೋಣಿಸಿ, ಒಂದೊಂದರಲ್ಲಿ 1 ಕೆ.ಜಿ. ಇಟ್ಟು, ಉಳಿದ 1 ಕೆ.ಜಿ.ಯನ್ನು ಮಾತ್ರ ಸೊಂಟದಲ್ಲಿ ಉಳಿಸಿಕೊಂಡೆ. ಭಾರವಾದ ರಬ್ಬರ್ ಫಿನ್‌ಗಳ ಬದಲಿಗೆ ಹಗುರವಾದವನ್ನು ತೊಟ್ಟಾಗ ಉಳಿದ ಕೊರತೆಯೂ ನೀಗಿತು. ಫಿನ್ ಬದಲಾವಣೆಯನ್ನೇ ಮೊದಲು ಮಾಡಿದ್ದರೆ ಬಹುಶಃ ಪ್ಲೇಟಿನ ಖರ್ಚೇ ಬೇಕಿರಲಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಟ್ರಿಮ್ ಸರಿಯಿದೆಯೇ ಎಂಬ ಪರೀಕ್ಷೆಯನ್ನು ಡೈವಿನ ಕೊನೆಯಲ್ಲಿ ಮಾಡುವುದೇ ಸರಿ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯ ತೂಕವೇ ಎರಡೂವರೆ ಕೆ.ಜಿ.ಗೆ ಮೇಲ್ಪಟ್ಟಿರುತ್ತದೆ, ಅದು ಖಾಲಿಯಾಗುತ್ತ ಬಂದಂತೆ ಸಿಲಿಂಡರಿನ ತಳ ತೇಲತೊಡಗಿ ಸೊಂಟವನ್ನು ಎತ್ತುತ್ತದೆ. ಆದ್ದರಿಂದ 50 ಬಾರ್ ಉಳಿದಿರುವಾಗ, 5 ಮೀಟರ್ ಆಳದಲ್ಲಿ, ಮೊಣಕಾಲು ಮಡಚಿ, ಫಿನ್ ಅಲ್ಲಾಡಿಸದೆ ಅರ್ಧ ನಿಮಿಷ ನಿಂತು ಯಾವ ತುದಿ ಮೊದಲು ವಾಲುತ್ತದೆಂದು ನೋಡುತ್ತೇನೆ. ಕಾಲು ಇಳಿದರೆ ತೂಕ ತಲೆಯ ಕಡೆಗೆ, ತಲೆ ಇಳಿದರೆ ಸೊಂಟದ ಕಡೆಗೆ, ಒಂದು ಸಲಕ್ಕೆ ಅರ್ಧ ಕೆ.ಜಿ.ಯಷ್ಟೇ.

ದೂರುಗಳಿಲ್ಲವೆಂದಲ್ಲ. ಬಕಲ್ ಇಲ್ಲದ ಒಂದೇ ಉದ್ದನೆಯ ಭುಜಪಟ್ಟಿಯನ್ನು ಅಲೆಯ ನಡುವೆ ಕಳಚುವುದು ಸುಲಭವಲ್ಲ; ನೇತ್ರಾಣಿ ದ್ವೀಪದಲ್ಲಿ ನೀರಿನಲ್ಲೇ ಗೇರ್ ಬಿಚ್ಚಿ ದೋಣಿಯವರ ಕೈಗೆ ಕೊಡುವಾಗ ಎಡಗೈ ಎರಡು ಬಾರಿ ಸಿಕ್ಕಿಕೊಂಡಿತ್ತು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದರೂ ಬೋಲ್ಟುಗಳ ಸುತ್ತ ಕಂದು ಕಲೆ ಮೂಡಿದೆ. ವಿಮಾನದಲ್ಲಿ ಅಂಡಮಾನಿಗೆ ಹೋಗುವಾಗ ಪ್ಲೇಟಿನ ತೂಕ ಲಗೇಜಿನ ಲೆಕ್ಕಕ್ಕೇ ಸೇರುವುದರಿಂದ, ಮುಂದಿನ ಪ್ರವಾಸಕ್ಕೆ ಅಲ್ಯೂಮಿನಿಯಂ ಪ್ಲೇಟ್ ಒಯ್ದು, ಕಡಿಮೆಯಾದ ತೂಕವನ್ನು ಅಲ್ಲಿ ಸಿಗುವ ಸೀಸದಿಂದಲೇ ತುಂಬಿಕೊಳ್ಳುವ ಯೋಚನೆಯಿದೆ.