ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್: ಗಂಗಾವತಿಯ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮನೆಗೆ ಹೊಸದಾಗಿ ಕಂಪ್ಯೂಟರ್ ತಂದವರು ಮೊದಲು ಕೇಳುವುದು ಇದನ್ನೇ: ಏನೇನು ಸಾಫ್ಟ್‌ವೇರ್ ಹಾಕಿಸಬೇಕು, ಎಷ್ಟಾಗುತ್ತದೆ? ನನ್ನ ಉತ್ತರ ವರ್ಷಗಳಿಂದ ಬದಲಾಗಿಲ್ಲ. ನೆಟ್ ನೋಡಲು ಫೈರ್‌ಫಾಕ್ಸ್ ಹಾಕಿ, ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್ ಹಾಕಿ. ಎರಡೂ ಪುಕ್ಕಟೆ. ಮನೆ ಮಟ್ಟಿಗೆ ಅಷ್ಟು ಸಾಕು. ಆದರೆ ಹಾಕಿದ ದಿನವೇ ಸ್ವಲ್ಪ ಹೊತ್ತು ಕೂತು ಕೆಲವು ಸೆಟ್ಟಿಂಗ್ ಮಾಡಿಕೊಳ್ಳಬೇಕು. ಅದನ್ನು ಬಿಟ್ಟರೆ ಎಂಥ ಒಳ್ಳೆ ಸಾಫ್ಟ್‌ವೇರ್ ಇದ್ದರೂ ಸ್ವಲ್ಪ ದಿನಕ್ಕೆ "ಕಂಪ್ಯೂಟರ್ ಕೆಟ್ಟೈತಿ" ಅನ್ನುವ ಮಾತು ಶುರುವಾಗುತ್ತದೆ.

ನಮ್ಮ ಮನೆಯಲ್ಲಿ ಒಂದೇ ಡೆಸ್ಕ್‌ಟಾಪ್, ಹಳೇದು, 4 ಜಿಬಿ ರ್‍ಯಾಮ್. ಅಪ್ಪ ಅದರಲ್ಲಿ ಪೇಪರ್ ಓದುತ್ತಾರೆ. ಕಾಕಾ ಭತ್ತದ ಗದ್ದೆಯ ಲೆಕ್ಕ ಇಡುತ್ತಾರೆ. ಮಗಳು ಸ್ಕೂಲ್ ಪ್ರಾಜೆಕ್ಟ್ ಮಾಡುತ್ತಾಳೆ. ಅರ್ಜಿ, ಬಿಲ್ಲು, ಪಹಣಿ ಎಲ್ಲ ನನ್ನ ಪಾಲಿಗೆ. ಓಣಿಯಲ್ಲಿ ಯಾರ ಕಂಪ್ಯೂಟರ್ ಹಟ ಹಿಡಿದರೂ "ತಮ್ಮಾ, ಒಂಚೂರು ಬಂದು ನೋಡಪಾ" ಅಂತ ಕರೆಯುತ್ತಾರೆ, ಹಾಗಾಗಿ ಇಲ್ಲಿ ಬರೆಯುವುದು ನಮ್ಮ ಮನೆಯೊಂದರ ಅನುಭವ ಅಲ್ಲ.

ಮೊದಲು ಬ್ರೌಸರ್, ಅಂದರೆ ನೆಟ್‌ನ ಪುಟ ತೆರೆಯುವ ಸಾಫ್ಟ್‌ವೇರ್. ಫೈರ್‌ಫಾಕ್ಸ್ ಹೊಸದೇನಲ್ಲ, ಮೊಜಿಲ್ಲಾದವರು 2004ರಲ್ಲೇ ಅದರ ಮೊದಲ ಆವೃತ್ತಿ ಬಿಟ್ಟಿದ್ದು. ನಾನು ಅದನ್ನು ಹಿಡಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಯುಬ್ಲಾಕ್ ಆರಿಜಿನ್ ಅನ್ನುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್. ಜಾಹೀರಾತು ತಡೆಯುವುದು ಅದರ ಕೆಲಸ. ಕ್ರೋಮ್‌ನಲ್ಲಿ ಅದರ ಪೂರ್ತಿ ಆವೃತ್ತಿ 2025ರಲ್ಲಿ ನಿಂತುಹೋಯಿತು, ಈಗ ಲೈಟ್ ಅನ್ನುವ ಸಣ್ಣ ಆವೃತ್ತಿ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿಯಾಗಿ ನಡೆಯುತ್ತದೆ. ಹೊಸಬರಿಗೆ ಇದು ಯಾಕೆ ಅಷ್ಟು ಮುಖ್ಯ ಅಂದರೆ, ಏನಾದರೂ ಡೌನ್‌ಲೋಡ್ ಮಾಡಲು ಹೋದಾಗ ಪುಟದಲ್ಲಿ ನಾಲ್ಕೈದು ಹಸಿರು ಡೌನ್‌ಲೋಡ್ ಬಟನ್ ಕಾಣುತ್ತವೆ ನೋಡಿ, ಅದರಲ್ಲಿ ಒಂದು ಮಾತ್ರ ನಿಜವಾದದ್ದು, ಉಳಿದದ್ದೆಲ್ಲ ಜಾಹೀರಾತು. ಇವನ್ನು ಬೇರೆ ಮಾಡಿ ನೋಡುವ ಕಣ್ಣು ಹೊಸಬರಿಗೆ ಇರುವುದಿಲ್ಲ. ಯುಬ್ಲಾಕ್ ಹಾಕಿದರೆ ಸುಳ್ಳು ಬಟನ್‌ಗಳು ಬಹುಪಾಲು ಕಾಣುವುದೇ ಇಲ್ಲ. ಅದನ್ನು ಫೈರ್‌ಫಾಕ್ಸ್‌ನ ಆಡ್-ಆನ್ಸ್ ಪುಟದಿಂದಲೇ ಹಾಕಿಕೊಳ್ಳಿ. ಬೇರೆ ಎಕ್ಸ್‌ಟೆನ್ಷನ್ ಯಾವುದೂ ಬೇಡ, ನಿಜವಾಗಲೂ ಬೇಡ. ಕೂಪನ್ ಹುಡುಕುವುದು, ವಿಡಿಯೋ ಇಳಿಸುವುದು ಅಂತ ಕಂಡಕಂಡದ್ದನ್ನು ತುಂಬಿಕೊಂಡ ಬ್ರೌಸರ್‌ಗಳೇ ನಿಧಾನ ಆಗುವುದು.

ಎರಡನೇದು ನೋಟಿಫಿಕೇಶನ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮ ಓಣಿಯ ಹಿರಿಯರೊಬ್ಬರು ಕರೆದು, "ದಿನಾ ವೈರಸ್ ಬಂದೈತಿ ಅಂತ ಹೇಳಾಕತ್ತೈತಿ ತಮ್ಮಾ, ದುಡ್ಡು ಕೊಟ್ಟು ಫಾರ್ಮ್ಯಾಟ್ ಮಾಡ್ಸೀನಿ, ಮತ್ತ ಬಂತು" ಅಂದರು. ಹೋಗಿ ನೋಡಿದರೆ ಪರದೆಯ ಬಲಗಡೆ ಕೆಳಗೆ ಕೆಂಪು ಚಿಹ್ನೆ ಇಟ್ಟುಕೊಂಡು ಒಂದರ ಮೇಲೊಂದು ಚೌಕಗಳು ಬರುತ್ತಿದ್ದವು. ವೈರಸ್ ಗಿರಸ್ ಏನೂ ಇರಲಿಲ್ಲ. ಯಾವುದೋ ಸೈಟಿಗೆ ಹೋದಾಗ "ನೋಟಿಫಿಕೇಶನ್ ಕಳಿಸಲಾ?" ಅಂತ ಕೇಳಿದೆ, ಇವರು ಅಲೋ ಒತ್ತಿದ್ದಾರೆ, ಆ ಸೈಟು ಅಲ್ಲಿಂದ ಜಾಹೀರಾತು ಕಳಿಸುತ್ತಿದೆ. ಫಾರ್ಮ್ಯಾಟ್ ಆದ ಮೇಲೆ ಮತ್ತೆ ಅದೇ ಸೈಟು, ಮತ್ತೆ ಅಲೋ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿಗೆ ಹೋಗಿ, ಪರ್ಮಿಷನ್ಸ್‌ನಲ್ಲಿ ನೋಟಿಫಿಕೇಶನ್ ತೆರೆದು, ಅಲ್ಲಿದ್ದ ಸೈಟುಗಳನ್ನೆಲ್ಲ ತೆಗೆದೆ. ಅಲ್ಲೇ ಕೆಳಗೆ, ಇನ್ನು ಮುಂದೆ ಯಾರೂ ಕೇಳದ ಹಾಗೆ ತಡೆಯುವ ಒಂದು ಟಿಕ್ ಇದೆ, ಅದನ್ನೂ ಹಾಕಿದೆ. ಅಷ್ಟೇ, ನಿಂತಿತು. ಈ ಟಿಕ್ ಮೊದಲ ದಿನವೇ ಹಾಕಿ. ಮನೆ ಕಂಪ್ಯೂಟರ್‌ಗೆ ಯಾವ ಸೈಟಿನ ನೋಟಿಫಿಕೇಶನ್ನೂ ಬೇಕಾಗಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪರದೆ ತುಂಬ ಒಂದು ಪುಟ ಬಂದು, ಜೋರಾಗಿ ಸದ್ದು ಮಾಡುತ್ತಾ, ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ ಅನ್ನುತ್ತದೆ. ಫೋನ್ ಮಾಡಬೇಡಿ. ಮಾಡಿದರೆ ಅವರು ನಿಮ್ಮ ಕೈಯಿಂದಲೇ ಒಂದು ಆಪ್ ಹಾಕಿಸಿ, ದೂರದಿಂದ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಂಡು, ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಹೋಗುತ್ತದೆ. ಆಮೇಲೆ ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿದರೆ ಟ್ಯಾಬ್ ಮುಚ್ಚುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿ ಫೈರ್‌ಫಾಕ್ಸ್ ಮೇಲೆ ಕ್ಲಿಕ್ ಮಾಡಿ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆಯುವ ಮೊದಲು ನೆಟ್ ಬಂದ್ ಮಾಡಿ. ಇಲ್ಲದಿದ್ದರೆ ಹಳೇ ಟ್ಯಾಬ್ ಜೊತೆ ಆ ಪುಟವೂ ವಾಪಸ್ ಬರಬಹುದು. ನೆಟ್ ಇಲ್ಲದೆ ತೆರೆದು, ಆ ಟ್ಯಾಬ್ ಮುಚ್ಚಿ, ಆಮೇಲೆ ನೆಟ್ ಹಾಕಿ. ದುಡ್ಡು ಹೋಗೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಇನ್ನು ಅಡ್ರೆಸ್ ಬಾರ್. ಪಹಣಿ ಬೇಕು ಅಂತ ಹುಡುಕಿದರೆ ಭೂಮಿ ಅನ್ನುವ ಹೆಸರಿಟ್ಟುಕೊಂಡ ಎಷ್ಟೋ ಖಾಸಗಿ ಸೈಟುಗಳು ಬರುತ್ತವೆ. ಕಂದಾಯ ಇಲಾಖೆಯ ನಿಜವಾದ ಪುಟದ ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಸೇವಾ ಸಿಂಧುದೂ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತಲೇ ಮುಗಿಯುತ್ತದೆ. ಹೆಸರಿನ ಶುರು ನೋಡಬೇಡಿ, ಮೊದಲ ಓರೆಗೆರೆಗಿಂತ ಮುಂಚೆ ಅದು ಹೇಗೆ ಮುಗಿಯುತ್ತದೆ ಅನ್ನುವುದನ್ನು ನೋಡಿ. ಒಮ್ಮೆ ಸರಿಯಾದ ಪುಟ ಸಿಕ್ಕಿತಾ, ಕಂಟ್ರೋಲ್ ಮತ್ತು ಡಿ ಒತ್ತಿ ಬುಕ್‌ಮಾರ್ಕ್ ಮಾಡಿ. ಆಮೇಲೆ ಹುಡುಕುವ ಗೋಜೇ ಇಲ್ಲ. ನಮ್ಮ ಮನೆಯಲ್ಲಿ ಬ್ಯಾಂಕು, ಪಹಣಿ, ಗ್ಯಾಸ್, ಕರೆಂಟ್ ಬಿಲ್ಲು ಎಲ್ಲ ಮೇಲಿನ ಬುಕ್‌ಮಾರ್ಕ್ ಪಟ್ಟಿಯಲ್ಲೇ ಇವೆ, ಕಾಕಾ ಅಲ್ಲಿಂದಲೇ ಹೋಗುತ್ತಾರೆ.

ಅಪ್ಪನ ಕಣ್ಣಿಗೆ ಎರಡು ಉಪಕಾರ ಆಗಿದೆ. ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಝೂಮ್ 133 ಪರ್ಸೆಂಟ್‌ಗೆ ಇಟ್ಟಿದ್ದೇನೆ, ಎಲ್ಲ ಪುಟದ ಅಕ್ಷರವೂ ದೊಡ್ಡದಾಗಿ ಬರುತ್ತದೆ. ಇನ್ನೊಂದು ರೀಡರ್ ವ್ಯೂ. ಸುದ್ದಿ ತೆರೆದು ಎಫ್9 ಒತ್ತಿದರೆ ಪಕ್ಕದ ಗಲಾಟೆಯೆಲ್ಲ ಹೋಗಿ ಬರೀ ಬರಹ ಉಳಿಯುತ್ತದೆ. ಎಲ್ಲ ಸೈಟಿನಲ್ಲೂ ನಡೆಯುವುದಿಲ್ಲ, ಆದರೆ ಸುದ್ದಿ ಸೈಟುಗಳಲ್ಲಿ ಹೆಚ್ಚಿನಂಶ ನಡೆಯುತ್ತದೆ. ಫೈರ್‌ಫಾಕ್ಸ್‌ನ ಮೆನುಗಳನ್ನೂ ಕನ್ನಡಕ್ಕೆ ಹಾಕಿಕೊಳ್ಳಬಹುದು. ಅಪ್ಪನಿಗೆ ಅದು ಇಷ್ಟ. ವಿಡಿಯೋ ನೋಡಿ ಕಲಿಯುವವರಿಗೆ ಮಾತ್ರ ಇಂಗ್ಲಿಷ್ ಮೆನುವೇ ಅನುಕೂಲ, ವಿಡಿಯೋದವರು ತೋರಿಸುವುದೆಲ್ಲ ಅದನ್ನೇ.

ತಪ್ಪಿ ಟ್ಯಾಬ್ ಮುಚ್ಚಿದರೆ ಕಂಟ್ರೋಲ್, ಶಿಫ್ಟ್, ಟಿ. ವಾಪಸ್ ಬರುತ್ತದೆ. ದೊಡ್ಡ ಪುಟದಲ್ಲಿ ಒಂದು ಹೆಸರು ಹುಡುಕಲು ಕಂಟ್ರೋಲ್ ಮತ್ತು ಎಫ್. ರಸೀದಿಗೆ ಪ್ರಿಂಟರ್ ಬೇಕಿಲ್ಲ, ಕಂಟ್ರೋಲ್ ಮತ್ತು ಪಿ ಒತ್ತಿ ಸೇವ್ ಟು ಪಿಡಿಎಫ್ ಆರಿಸಿಕೊಳ್ಳಿ. "ಡೌನ್‌ಲೋಡ್ ಆಗೈತಿ, ಎಲ್ಲಿ ಹೋತೋ ಗೊತ್ತಿಲ್ಲ" ಅನ್ನುವವರು ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಉಳಿಸಬೇಕು ಅಂತ ಪ್ರತಿ ಸಲ ಕೇಳುವ ಆಯ್ಕೆ ಆನ್ ಮಾಡಿಕೊಳ್ಳಿ. ಪಾಸ್‌ವರ್ಡ್ ಉಳಿಸುತ್ತೀರಾದರೆ ಅವನ್ನೆಲ್ಲ ಕಾಯುವ ಒಂದು ಪ್ರೈಮರಿ ಪಾಸ್‌ವರ್ಡ್ ಇಡಿ, ಎಲ್ಲರೂ ಕೂರುವ ಕಂಪ್ಯೂಟರ್ ಅಲ್ವಾ.

ಈಗ ಲಿಬ್ರೆಆಫೀಸ್. ಇದು 2010ರಲ್ಲಿ ಓಪನ್ಆಫೀಸ್‌ನಿಂದ ಬೇರೆಯಾಗಿ ಶುರುವಾದದ್ದು. ಪತ್ರ ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸ್ಲೈಡ್‌ಗೆ ಇಂಪ್ರೆಸ್. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇದನ್ನು ದುಡ್ಡಿಗೆ ಇಟ್ಟಿದ್ದಾರೆ, ಲಿಬ್ರೆಆಫೀಸ್‌ನವರದೇ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಅಲ್ಲಿಂದ ಇಳಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಕ್ಯಾಲ್ಕ್. ಕಾಕಾನ ಹಾಳೆಯಲ್ಲಿ ನಾಲ್ಕು ಕಾಲಂ: ತಾರೀಕು, ಬಾಬ್ತು, ಯಾರಿಗೆ, ರೂಪಾಯಿ. ಕೆಳಗೆ ಟ್ರ್ಯಾಕ್ಟರ್ ಬಾಡಿಗೆ, ನಾಟಿ ಕೂಲಿ, ಯೂರಿಯಾ, ಔಷಧಿ, ಕಟಾವು ಮಷೀನು ಅಂತ ಸಾಲು ಸಾಲು. ಶುರುವಿನಲ್ಲಿ ಅವರ ಮೊತ್ತ ಯಾವಾಗಲೂ ಕಡಿಮೆ ಬರುತ್ತಿತ್ತು. "ನನ್ನ ಪಟ್ಟಿ ಪುಸ್ತಕದಾಗ ಬ್ಯಾರೇ ಐತಿ, ಇದರಾಗ ಬ್ಯಾರೇ ಐತಿ" ಅಂತ ಬೇಜಾರು ಮಾಡಿಕೊಂಡಿದ್ದರು. ನೋಡಿದರೆ ಕೆಲವು ಕಡೆ 2500 ಅಂತ ಬರೆದಿದ್ದರು, ಕೆಲವು ಕಡೆ 2500 ರೂ ಅಂತ. ರೂ ಸೇರಿಸಿದ ಕೂಡಲೇ ಕ್ಯಾಲ್ಕ್ ಅದನ್ನು ಅಂಕಿ ಅಂತ ನೋಡುವುದಿಲ್ಲ, ಬರಹ ಅಂತ ನೋಡುತ್ತದೆ, ಮೊತ್ತ ಹಾಕುವಾಗ ಸುಮ್ನೆ ಬಿಟ್ಟುಬಿಡುತ್ತದೆ. ಗುರುತಿಸುವುದು ಸುಲಭ: ಅಂಕಿ ಬಲಕ್ಕೆ ಅಂಟಿಕೊಂಡಿರುತ್ತದೆ, ಬರಹ ಎಡಕ್ಕೆ. ರೂಪಾಯಿ ಕಾಲಂನಲ್ಲಿ ಎಡಕ್ಕೆ ಕೂತದ್ದು ಕಂಡರೆ ಸರಿಮಾಡಿ. ಈಗ ಕಾಕಾ ತಾವೇ ಹಿಡಿಯುತ್ತಾರೆ.

ಇನ್ನೊಂದು ಉಪಯೋಗ ನಮ್ಮ ಕಡೆಯವರಿಗೇ. ಇಲ್ಲಿ ಭತ್ತದ ದರ ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. ಎರಡನ್ನೂ ತೂಗಿ ನೋಡಬೇಕಾದರೆ ಚೀಲದ ದರವನ್ನು 0.75ರಿಂದ ಭಾಗಿಸಿ. ಚೀಲಕ್ಕೆ 1800 ಅಂದರೆ ಕ್ವಿಂಟಲ್‌ಗೆ 2400 ಆಯಿತು. ಒಂದು ಖಾನೆಯಲ್ಲಿ ಈಕ್ವಲ್ ಚಿಹ್ನೆ ಹಾಕಿ ಈ ಸೂತ್ರ ಬರೆದು ಎಂಟರ್ ಕೊಡಿ, ಆ ಖಾನೆಯ ಮೂಲೆಯ ಚುಕ್ಕೆ ಹಿಡಿದು ಕೆಳಗೆ ಎಳೆದರೆ ಎಲ್ಲ ಸಾಲಿಗೂ ಬರುತ್ತದೆ. ಕಾಕಾ ಇದನ್ನು ನೋಡಿದ ದಿನ ಪಕ್ಕದ ಗದ್ದೆಯವರನ್ನೂ ಕರೆದುಕೊಂಡು ಬಂದಿದ್ದರು.

ಕರೆಂಟ್ ವಿಷಯ ಹೇಳಬೇಕಾಗಿಯೇ ಇಲ್ಲ. ಲಿಬ್ರೆಆಫೀಸ್ ತಾನಾಗಿ 10 ನಿಮಿಷಕ್ಕೊಮ್ಮೆ ಉಳಿಸಿಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ಅದನ್ನು 2 ನಿಮಿಷಕ್ಕೆ ಇಳಿಸಿ. ಬ್ಯಾಕಪ್ ಪ್ರತಿ ಇಡುವ ಟಿಕ್ ಕೂಡ ಅಲ್ಲೇ ಇದೆ. ಪರೀಕ್ಷೆ ಹತ್ತಿರ ಇದ್ದಾಗ ಮಗಳ ಪ್ರಾಜೆಕ್ಟ್ ಉಳಿದದ್ದು ಇದರಿಂದ.

ಕನ್ನಡದ ಮಟ್ಟಿಗೆ ಒಂದು ಹೆಜ್ಜೆ ಜಾಸ್ತಿ ಇಡಬೇಕು. ಆಪ್ಷನ್ಸ್‌ನ ಭಾಷೆಗಳ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಸಿಟಿಎಲ್) ಅಂತ ಇದೆ, ಅದನ್ನು ಆನ್ ಮಾಡಿ ಕನ್ನಡ ಆರಿಸಬೇಕು. ಆಮೇಲೆ ರೈಟರ್‌ನ ಬೇಸಿಕ್ ಫಾಂಟ್ಸ್ ಸಿಟಿಎಲ್‌ನಲ್ಲಿ ನಿರ್ಮಲಾ ಯುಐ ಇಲ್ಲವೇ ನೋಟೋ ಸಾನ್ಸ್ ಕನ್ನಡ ಕೊಡಿ. ಟೈಪ್ ಮಾಡಲು ವಿಂಡೋಸ್ 10, 11ರಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವುದು) ಒಳಗೇ ಇದೆ, ಭಾಷೆಗಳಲ್ಲಿ ಸೇರಿಸಿಕೊಂಡು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಬಹುದು. ಹಳೇ ನುಡಿ ಫಾಂಟಿನ ಫೈಲ್ ಬಂದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಆ ನುಡಿ ಫಾಂಟ್ ಹಾಕಿದರೆ ಓದಬಹುದು, ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಅಕ್ಷರಕ್ಕೆ, ಬದಲಿಸುವ ಪುಕ್ಕಟೆ ಕನ್ವರ್ಟರ್‌ಗಳೂ ಇವೆ. ಕಳಿಸಿದವರ ಮೇಲೆ ರೇಗುವ ಮೊದಲು ಇಷ್ಟು ಮಾಡಿ ನೋಡಿ.

ಕೊರತೆಗಳೂ ಇವೆ. ಕೆಲವು ಸೈಟುಗಳು ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ನಡೆಯುವುದಿಲ್ಲ, ಅರ್ಜಿ ಪೂರ್ತಿ ತುಂಬಿದ ಮೇಲೆ ಸಬ್‌ಮಿಟ್ ಬಟನ್ ಒತ್ತಿದರೆ ಅಲ್ಲಾಡುವುದೇ ಇಲ್ಲ. ಅಂಥದ್ದಕ್ಕೆ ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರ್ ಇಟ್ಟುಕೊಂಡಿದ್ದೇನೆ. ವರ್ಡ್‌ನಲ್ಲಿ ಮಾಡಿದ ಟೇಬಲ್ಲು, ಫೋಟೋ ಇರುವ ಫೈಲನ್ನು ರೈಟರ್‌ನಲ್ಲಿ ತೆರೆದರೆ ಅಲ್ಲಲ್ಲಿ ಜರುಗಿರುತ್ತದೆ. ಹೊರಗೆ ಕಳಿಸುವಾಗ ನಾನು ಪಿಡಿಎಫ್ ಮಾಡಿಯೇ ಕಳಿಸುತ್ತೇನೆ. ಆಫೀಸಿನ ಎಕ್ಸೆಲ್ ಫೈಲ್‌ನಲ್ಲಿ ಮ್ಯಾಕ್ರೋ (ಕೆಲಸ ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಇಟ್ಟುಕೊಂಡು ಕೆಲಸ ಮಾಡುವವರಿಗೆ ಕ್ಯಾಲ್ಕ್ ಸಾಲದು, ಅವರು ಎಕ್ಸೆಲ್ ಕೊಳ್ಳುವುದೇ ಸರಿ.

ನಿಧಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿಸಿದ ಮೇಲೆ ನಮ್ಮ ಕಂಪ್ಯೂಟರ್ ಗುರುತು ಸಿಗದಷ್ಟು ಚುರುಕಾಯಿತು. ದುಡ್ಡು ಖರ್ಚು ಮಾಡುವುದಾದರೆ ಅದಕ್ಕೆ ಮಾಡಿ, ಕ್ಲೀನರ್, ಬೂಸ್ಟರ್ ಅಂತ ಬರುವ ಸಾಫ್ಟ್‌ವೇರ್‌ಗೆ ಬೇಡ.

ವಿಂಡೋಸ್ 7 ಇರುವವರಿಗೆ ಕ್ರೋಮ್ 109ಕ್ಕೇ ನಿಂತಿದೆ, ಫೈರ್‌ಫಾಕ್ಸ್‌ನಲ್ಲಿ ಹಾಕಲು ಬರುವ ಕೊನೆಯದು 115ರ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ. ಅದರಲ್ಲಿ ಬೇಕಾದರೆ ಪೇಪರ್ ಓದಿಕೊಳ್ಳಿ, ಬ್ಯಾಂಕ್ ಕೆಲಸ ಮಾತ್ರ ಮಾಡಬೇಡಿ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ಹಚ್ಚಿದವರಿಗೆ ಇನ್ನೊಂದು ವರ್ಷ ಸಿಗುತ್ತದೆ. ಫೈರ್‌ಫಾಕ್ಸ್‌ಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಲಿಬ್ರೆಆಫೀಸ್‌ಗೆ ನಾಲ್ಕು. ಲಿಬ್ರೆಆಫೀಸ್‌ಗೆ ಫೈರ್‌ಫಾಕ್ಸ್‌ಗಿಂತ ಅರ್ಧ ಕಡಿಮೆ ಕೊಟ್ಟದ್ದು ಆ ಕನ್ನಡ ಫಾಂಟ್ ಸೆಟ್ಟಿಂಗ್ ಅಷ್ಟು ಒಳಗೆ ಬಚ್ಚಿಟ್ಟಿರುವುದಕ್ಕೆ.