ನಿಯಮದ ಏರ್‌ಬ್ಯಾಗ್, ದುಡ್ಡಿನ ಅಡಾಸ್: ನಮ್ಮನೆಯ ಮೂರು ಕಾರುಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ ಬೇಸ್ ಮಾಡೆಲ್‌ಗೆ. ಕಳೆದ ವರ್ಷ ತಗೊಂಡೆ. ಆರು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಹಿಂದಿನ ನಡುವಿನ ಸೀಟಿಗೂ ಭುಜದ ಮೇಲೆ ಬರುವ ಬೆಲ್ಟ್. ಇದರ ಎದುರು ಎರಡು ಕಾರು. ಒಂದು, ಅಣ್ಣ 2016ರಲ್ಲಿ ತಗೊಂಡ ಬೇಸ್ ಮಾಡೆಲ್. ಇನ್ನೊಂದು, ಭಾವನ ಟಾಪ್ ಮಾಡೆಲ್, ಅಡಾಸ್ ಇರುವಂಥದ್ದು, ಅಂದರೆ ಮುಂದಿನ ಕಾರಿನಿಂದ ಅಂತರ ಕಾಯುವ, ತಾನಾಗಿ ಬ್ರೇಕ್ ಹಾಕುವ, ಲೇನ್ ಬಿಡದಂತೆ ನೋಡಿಕೊಳ್ಳುವ ವ್ಯವಸ್ಥೆ. ಮೂರನ್ನೂ ಹಾಸನದಿಂದ ಬೆಂಗಳೂರಿಗೆ, ಶಿರಾಡಿ ಘಾಟಿಗೆ ಓಡಿಸಿದ್ದೇನೆ. ಮೈಲೇಜು, ಟಚ್‌ಸ್ಕ್ರೀನ್ ಮಾತು ಇಲ್ಲಿ ಬೇಡ. ಸರ್ಕಾರ ಕಡ್ಡಾಯ ಮಾಡಿದ್ದು ಎಷ್ಟು ಉಪಯೋಗಕ್ಕೆ ಬಂತು, ನಮ್ಮ ಇಷ್ಟಕ್ಕೆ ಬಿಟ್ಟಿದ್ದು ಏನಾಯಿತು, ಅದಷ್ಟೇ ನನ್ನ ವಿಷಯ.

ಅಣ್ಣನ ಕಾರಿನಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಆಗ ಅವೆರಡು ಬೇಕೆಂದರೆ ಟಾಪ್ ಮಾಡೆಲ್ ತಗೋಬೇಕಿತ್ತು. ಜೊತೆಗೆ ಅಲಾಯ್ ವೀಲ್, ಮ್ಯೂಸಿಕ್ ಸಿಸ್ಟಮ್‌ಗೂ ದುಡ್ಡು ಕೊಡಬೇಕಿತ್ತು. ಸಾಲ ಮಾಡಿ ಮೊದಲ ಕಾರು ಕೊಳ್ಳುವ ಮನೆಯವರು ಎಲ್ಲಿಂದ ಕೊಡುತ್ತಾರೆ? ಇದನ್ನು ಗ್ರಾಹಕರ ಆಯ್ಕೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರುವ ಐದು ಸಣ್ಣ ಕಾರುಗಳ ಬೇಸ್ ಮಾಡೆಲ್‌ಗಳನ್ನು ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ಆದರೂ ಏರ್‌ಬ್ಯಾಗ್ ಇಲ್ಲದ ಕಾರುಗಳ ಮಾರಾಟ ನಿಲ್ಲಲಿಲ್ಲ. ನಿಂತಿದ್ದು ನಿಯಮ ಬಂದ ಮೇಲೆ. 2019ರ ಏಪ್ರಿಲ್‌ನಿಂದ ಎಬಿಎಸ್. ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಮುಂದಿನ ಸೀಟಿನ ಬೆಲ್ಟ್ ಅಲಾರಂ, ರಿವರ್ಸ್ ಸೆನ್ಸರ್. 2022 ಶುರುವಾಗುವ ಹೊತ್ತಿಗೆ ಪಕ್ಕದ ಸೀಟಿಗೂ ಏರ್‌ಬ್ಯಾಗ್.

ಮಳೆಗಾಲದ ಘಾಟಿಯಲ್ಲಿ ಎಬಿಎಸ್ ಬೆಲೆ ಗೊತ್ತಾಗುತ್ತದೆ. ಅಣ್ಣನ ಕಾರಿನಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗುವುದಿಲ್ಲ. ನನ್ನದರಲ್ಲಿ ಪೆಡಲ್ ಕಾಲಡಿಯಲ್ಲಿ ದಡದಡ ಅನ್ನುತ್ತದೆ, ಕಾರು ಹೇಳಿದ ಕಡೆ ಹೋಗುತ್ತದೆ.

ಆರು ಏರ್‌ಬ್ಯಾಗ್ ಮಾತ್ರ ನಿಯಮದಿಂದ ಬಂದಿದ್ದಲ್ಲ. 2022ರ ಜನವರಿಯಲ್ಲಿ ಕರಡು ಬಂತು, ಆಮೇಲೆ ಒಂದು ವರ್ಷ ಮುಂದೆ ಹಾಕಿದರು. 2023ರ ಸೆಪ್ಟೆಂಬರ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಕಡ್ಡಾಯ ಮಾಡುವುದಿಲ್ಲ ಅಂದರು. ಕಾರು ಗುದ್ದಿಸಿ ನೋಡಿ ಸ್ಟಾರ್ ಕೊಡುವ ನಮ್ಮದೇ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ಶುರುವಾಗಿದ್ದೂ ಅದೇ ವರ್ಷ. ಸ್ಟಾರ್ ಪೈಪೋಟಿಗೆ ಕೆಲವು ಕಂಪನಿಗಳು ತಾವಾಗಿಯೇ ಆರು ಕೊಡುತ್ತಿವೆ. ಹಾಗಾದರೆ ಕಡ್ಡಾಯ ಯಾಕೆ ಅಂತ ಭಾವ ಕೇಳುತ್ತಾರೆ. ಆ ಪರೀಕ್ಷೆಗೆ ಹೋಗುವುದು ಕಂಪನಿಯ ಇಷ್ಟ. ಹೋಗದ ಕಾರು ತಗೊಂಡವರ ಮಕ್ಕಳ ತಲೆ ಬೇರೆಯದಾ? ನನ್ನ ವಾದ ಅಷ್ಟೇ.

ಇನ್ನು ನನಗೆ ತಲೆಕೆಡಿಸಿದ ವಿಷಯ, ಸೀಟ್ ಕವರ್. ಡೆಲಿವರಿ ಹೊತ್ತಿಗೆ ಆಕ್ಸೆಸರಿ ಪ್ಯಾಕೇಜ್ ಅಂತ ಹೇಳಿ ಹಾಕಿಕೊಟ್ಟಿದ್ದರು. ಅಮ್ಮ ಹಿಂದೆ ಕೂತು ಬೆಲ್ಟ್ ಎಳೆದರು, ಸಿಕ್ಕಿಸುವ ಬಕಲ್ಲೇ ಇಲ್ಲ. ಮೂರೂ ಬಕಲ್ ಕವರ್ ಅಡಿಯಲ್ಲಿ ಹೂತುಹೋಗಿದ್ದವು. ಸರಿಮಾಡಲು ಹೋದಾಗ ಇನ್ನೊಂದು ಕಂಡಿತು. ಸೈಡ್ ಏರ್‌ಬ್ಯಾಗ್ ಇರುವುದು ಮುಂದಿನ ಸೀಟಿನ ಒರಗುವ ಭಾಗದಲ್ಲಿ, ಬಾಗಿಲ ಕಡೆಯ ಅಂಚಿಗೆ. ಗುದ್ದಿದಾಗ ಅಲ್ಲಿನ ಹೊಲಿಗೆ ಬಿಚ್ಚಿಕೊಂಡು ಅದು ಹೊರಗೆ ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್, ಗಟ್ಟಿ ಹೊಲಿಗೆ! ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಬೇಕಾದದ್ದು ಬಿಚ್ಚುವುದು ಹೇಗೆ?

ಹಾಕಿದವರನ್ನು ಕೇಳಿದರೆ, "ಏನೂ ಆಗಲ್ಲ ಸಾರ್, ಎಲ್ಲರೂ ಹಾಕಿಸ್ತಾರೆ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಫ್ಯಾಕ್ಟರಿಯಲ್ಲಿ ಅಷ್ಟು ಕಾಳಜಿಯಿಂದ ಕೂರಿಸಿದ್ದನ್ನು ಇಲ್ಲಿ ಸೂಜಿ ದಾರದಲ್ಲಿ ಮುಚ್ಚಿಬಿಟ್ಟಿದ್ದಾರೆ. ಎಲ್ಲ ಬಿಚ್ಚಿಸಿದೆ. ಮುಂದಿನ ಸೀಟಿಗೆ ಆ ಅಂಚು ಬಿಟ್ಟು ಹೊಲಿದ, ಏರ್‌ಬ್ಯಾಗ್‌ಗೆಂದೇ ಮಾಡಿದ ಕವರ್ ಹುಡುಕಿ ಹಾಕಿಸಿದೆ. ಹಿಂದಿನ ಸೀಟಿಗೆ ಕವರ್ರೇ ಇಲ್ಲ, ಮಕ್ಕಳು ಜ್ಯೂಸ್ ಚೆಲ್ಲಿದರೆ ಒರೆಸುತ್ತೇವೆ.

ನಿಯಮದ ಕೈ ಇಲ್ಲಿಗೂ ಬರಬೇಕು. ಬರಲು ಸಾಧ್ಯವೂ ಇದೆ. ಬೆಲ್ಟ್ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದರಲ್ಲ, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದಕ್ಕೆ ತಡೆ ಹಾಕಿತು. 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ ಅಂತ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸುಮಾರು ಅರ್ಧದಷ್ಟು ಜನ ಡ್ರೈವರ್ ಅಲ್ಲ, ಜೊತೆಗೆ ಕೂತವರು. ಅದೇ ವರ್ಷ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಹಿಂದಿನ ಸೀಟಿನ ಅಲಾರಂ ಈಗ ನನ್ನ ಕಾರಿನಲ್ಲಿದೆ. ಅಮ್ಮನಿಗೂ ಅಭ್ಯಾಸವಾಗಿದೆ.

ವೇಗ ಗಂಟೆಗೆ 80 ಕಿ.ಮೀ. ದಾಟಿದರೆ ಬರುವ ಬೀಪ್, ಅದೂ ನಿಯಮದ್ದೇ, ಅದರ ಬಗ್ಗೆ ಒಂದು ದೂರು ಇದೆ. ಬೆಂಗಳೂರು–ಮೈಸೂರು ಹೈವೇಯಲ್ಲಿ ಕಾರಿಗೆ 100ರ ಮಿತಿ. ಕಾನೂನಿನೊಳಗೇ ಹೋಗುವವರಿಗೂ ನಿಮಿಷಕ್ಕೊಮ್ಮೆ ಕೂಗಿದರೆ ಕಿವಿ ಅದನ್ನು ಮರೆತುಬಿಡುತ್ತದೆ. ಆ ಅಂಕಿ ಬದಲಾಗಬೇಕು.

ಭಾವನ ಅಡಾಸ್ ಹೈವೇಯಲ್ಲಿ ಚೆನ್ನಾಗಿದೆ, ದೂರದ ದಾರಿಯಲ್ಲಿ ಕಾಲಿಗೆ ಆರಾಮ. ಊರೊಳಗೆ ಕಷ್ಟ. ಮುಂದಿನ ಕಾರಿಗೂ ನಮಗೂ ನಡುವೆ ಅದು ಬಿಡುವ ಜಾಗಕ್ಕೆ ಆಟೋ ನುಗ್ಗುತ್ತದೆ, ಕಾರು ತಟ್ಟನೆ ಬ್ರೇಕ್ ಹಾಕುತ್ತದೆ, ಹಿಂದಿನ ಬೈಕಿನವರ ಗತಿ? ಬಿಳಿ ಪಟ್ಟೆ ಅಳಿಸಿದ ರಸ್ತೆಯಲ್ಲಿ ಲೇನ್ ಅಸಿಸ್ಟ್ ಸುಮ್ನೆ ಕೂತಿರುತ್ತದೆ. ಯುರೋಪಿನಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಕಾರಿಗೂ ಇಂಥವುಗಳಲ್ಲಿ ಕೆಲವು ಕಡ್ಡಾಯ. ಅಲ್ಲಿ ರಸ್ತೆಗೆ ಪಟ್ಟೆಗಳಿವೆ. ನಮ್ಮಲ್ಲಿ ಮೊದಲು ಪಟ್ಟೆ ಬರಲಿ. ಲಾರಿ, ಬಸ್ಸಿಗೆ ತಾನಾಗಿ ಹಿಡಿಯುವ ಬ್ರೇಕ್ ಕಡ್ಡಾಯ ಮಾಡುವುದಾದರೆ ನಾನು ಈಗಲೇ ಒಪ್ಪುತ್ತೇನೆ.

ನನ್ನ ಇಎಂಐ ಲೆಕ್ಕಕ್ಕೆ ಟಾಪ್ ಮಾಡೆಲ್ ನಿಲುಕುವುದಿಲ್ಲ. ನಿಲುಕಿದರೂ ಆ ದುಡ್ಡಿನಲ್ಲಿ ಸ್ವಲ್ಪವನ್ನು ಒಳ್ಳೆಯ ಟೈರ್‌ಗೆ, ಮಗುವಿನ ಸೀಟಿಗೆ ಹಾಕುತ್ತಿದ್ದೆ. ಹಿಂದೆ ಯಾವಾಗಲೂ ಅಮ್ಮ, ಮಕ್ಕಳು ಕೂರುವ ಮನೆ ನಿಮ್ಮದೂ ಆಗಿದ್ದರೆ ಆರು ಏರ್‌ಬ್ಯಾಗ್ ಇರುವ ಬೇಸ್ ಮಾಡೆಲ್ ಸಾಕು. ಡೆಲಿವರಿ ದಿನ ಹಿಂದಿನ ಮೂರೂ ಬಕಲ್ ಕೈಗೆ ಸಿಗುತ್ತವಾ ನೋಡಿ, ಆಮೇಲೆ ಸಹಿ ಹಾಕಿ.